ಬೆಕ್ಕು ಹೋದರೂ ಚಿಗಟ ಹೋಗುವುದಿಲ್ಲ

ಶಿವಮೊಗ್ಗದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮನೆಯಲ್ಲಿ ಎರಡು ಬೆಕ್ಕುಗಳಿವೆ. ಮಳೆ ಹಿಡಿದಂದಿನಿಂದ ಚಿಗಟದ ಕಾಟ ವಿಪರೀತವಾಗಿ, ಎಪ್ಪತ್ತು ದಾಟಿದ ಅತ್ತೆಯ ಕಣಕಾಲ ಸುತ್ತ ಕೆಂಪು ದದ್ದುಗಳೆದ್ದಿವೆ. ಭಾನುವಾರದೊಳಗೆ ಎರಡನ್ನೂ ಮೀನು ಮಾರುಕಟ್ಟೆಯಲ್ಲಿ ಬಿಟ್ಟು ಬರುವುದಾಗಿ ಪತಿ ಗಡುವು ವಿಧಿಸಿದ್ದಾರೆ. ಗಂಡನ ಮಾತು ಮೀರಲೇ, ಬೆಕ್ಕುಗಳನ್ನು ಕಳೆದುಕೊಳ್ಳಲೇ ಎಂಬುದು ಅವರ ಪ್ರಶ್ನೆ.

ತಾಯೇ, ನನ್ನ ನಿದ್ದೆ ಕೆಡಿಸಿದ್ದು ಆ ಪ್ರಶ್ನೆಯಲ್ಲ, ಮೂರನೆಯ ಪುಟದಲ್ಲಿ ನೀವು ಬರೆದು ಮುಂದೆ ಸಾಗಿಬಿಟ್ಟ ಒಂದೇ ಒಂದು ವಾಕ್ಯ: ಮೈದುನ ತನ್ನ ನಾಯಿಗೆ ತಂದು ಉಳಿಸಿಕೊಂಡಿದ್ದ ಔಷಧಿಯನ್ನು ಹೆಣ್ಣುಬೆಕ್ಕಿನ ಬೆನ್ನಿಗೆ ಹಾಕಿದರು, ಅದು ರಾತ್ರಿಯಿಡೀ 'ಸ್ವಲ್ಪ ನಡುಗಿ' ಬೆಳಿಗ್ಗೆ ಸರಿಹೋಯಿತು. ಅದು ಚಳಿಯ ನಡುಕವಾಗಿರಲಾರದು. ನಾಯಿಗಳಿಗೆಂದೇ ಮಾಡಿದ ಹಲವು ಚಿಗಟದ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ನಾಯಿಯ ಯಕೃತ್ತು ಅದನ್ನು ಅರಗಿಸಿ ಹೊರಹಾಕಬಲ್ಲದು, ಬೆಕ್ಕಿನದಕ್ಕೆ ಆ ಸಾಮರ್ಥ್ಯವಿಲ್ಲ, ಆದ್ದರಿಂದ ವಿಷವೇರಿ ನಡುಕ, ಸೆಳೆತ, ಕೆಲವೊಮ್ಮೆ ಸಾವೂ ಆಗುತ್ತದೆ. ನಿಮ್ಮ ಬೆಕ್ಕು ಬದುಕಿದ್ದು ಅದೃಷ್ಟ. ಪತಿಯ ಸಿಟ್ಟಿಗಾದರೂ ಒಂದು ಕಾರಣವಿದೆ, ಆದರೆ ಪೊಟ್ಟಣದ ಮೇಲಿನ ನಾಯಿಯ ಚಿತ್ರವನ್ನು ನೋಡಿಯೂ ಬೆಕ್ಕಿಗೆ ಹಚ್ಚಿದ ಮೈದುನರಿಗೆ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಮನೆಯ ಡ್ರಾಯರಿನಲ್ಲಿ ಉಳಿದ ಅರ್ಧ ಔಷಧಿ ಮುಂದೊಂದು ದಿನ ಯಾರದ್ದಾದರೂ ಮೈಮೇಲೆ ಬೀಳದೆ ಇರುವುದಿಲ್ಲ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ನನಗೇ ಲೆಕ್ಕವಿಲ್ಲ. ಫಿನಾಯಿಲು, ಸೀಮೆಎಣ್ಣೆ, ಕರ್ಪೂರಗಳಿಗೂ ಇದೇ ಮಾತು. ಬೆಕ್ಕು ಮೈ ನೆಕ್ಕುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ಇನ್ನು ಪತಿಯ ಗಡುವು. ಬೆಕ್ಕನ್ನು ಹೊರಹಾಕಿದರೆ ಚಿಗಟವೂ ಹೋಗುತ್ತದೆಂದು ಅವರು ನಂಬಿದ್ದಾರೆ. ನಿಜಸ್ಥಿತಿ ಹೆಚ್ಚುಕಡಿಮೆ ತದ್ವಿರುದ್ಧ. ಬೆಕ್ಕಿನ ಮೈಮೇಲೆ ಕಾಣುವ ಚಿಗಟಗಳು ಒಟ್ಟು ಸಂಸಾರದ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ನಿಮ್ಮ ನೆಲದ ಮೇಲಿದೆ. ಒಂದು ಹೆಣ್ಣು ಚಿಗಟ ದಿನಕ್ಕೆ ನಲವತ್ತರವರೆಗೂ ಮೊಟ್ಟೆಯಿಡುತ್ತದೆ. ಅವು ಅಂಟಿಕೊಳ್ಳುವುದಿಲ್ಲ, ಬೆಕ್ಕು ಮಲಗಿದಲ್ಲೆಲ್ಲ ಉದುರುತ್ತವೆ. ಗೂಡಿನೊಳಗಿನದು ತಿಂಗಳುಗಟ್ಟಲೆ ಕಾದು, ಯಾರದ್ದೋ ಹೆಜ್ಜೆಯ ಅದುರು ಮತ್ತು ಮೈಬಿಸಿ ತಾಕಿದೊಡನೆ ಹೊರಬೀಳುತ್ತದೆ. ಬೆಕ್ಕು ಇಲ್ಲದಿದ್ದರೆ ಹಸಿದದ್ದು ಕಚ್ಚುವುದು ನಿಮ್ಮನ್ನೇ. ಬಿಟ್ಟು ಬಂದ ಬೆಕ್ಕು ಹಸಿವೆಯಿಂದ ನರಳುವ ಸ್ಥಿತಿಗೆ ಬಂದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧವೆಂಬುದನ್ನೂ ಅವರಿಗೆ ತಿಳಿಸಿ.

ನನ್ನ ಅನುಕಂಪವೆಲ್ಲ ಅತ್ತೆಯವರಿಗೆ. ಅವರ ಮಂಚದ ಕೆಳಗೆ ಗೋಣಿಚೀಲವೊಂದಿದೆ, ಬೆಕ್ಕುಗಳು ಅದರ ಮೇಲೆಯೇ ಮಲಗುತ್ತವೆ ಎಂದು ನೀವೇ ಬರೆದಿದ್ದೀರಿ. ಕಚ್ಚುವಿಕೆ ಅವರಿಗೇ ಹೆಚ್ಚಾಗಿರುವುದು ಏಕೆಂದು ಇನ್ನು ಹುಡುಕಬೇಕಾಗಿಲ್ಲ. ಆ ಚೀಲದ ಮೇಲೆ ಉದುರಿರುವ ಕರಿಮೆಣಸಿನ ಪುಡಿಯಂಥ ಕಣಗಳನ್ನು ಒದ್ದೆ ಬಿಳಿಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆ ತುಕ್ಕಿನ ಕೆಂಪಿಗೆ ತಿರುಗಿದರೆ ಅದು ಚಿಗಟದ ಹಿಕ್ಕೆ, ಅಂದರೆ ಬೆಕ್ಕಿನ ರಕ್ತವೇ ಒಣಗಿದ್ದು. ಮರಿಹುಳುಗಳಿಗೆ ಅದೇ ಊಟ. ಚೀಲವನ್ನು ಕಟ್ಟಿ ಹೊರಗೆಸೆಯಿರಿ, ಮಂಚದ ಕೆಳಗೆ ಮೂಲೆಮೂಲೆ ಗುಡಿಸಿ, ಹೊದಿಕೆಗಳನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಒಗೆಯಿರಿ.

ಆದರೆ ನೀವು ತಪ್ಪದೆ ಮಾಡಬೇಕಾದದ್ದು ಒಂದೇ. ಎರಡೂ ಬೆಕ್ಕುಗಳನ್ನು ಒಟ್ಟಿಗೆ ಪಶುವೈದ್ಯರಲ್ಲಿಗೆ ಕರೆದೊಯ್ದು, ತೂಕ ಮಾಡಿಸಿ, ಬೆಕ್ಕಿಗೆಂದೇ ಇರುವ ಔಷಧಿಯನ್ನು ಒಂದೇ ದಿನ ಎರಡಕ್ಕೂ ಹಾಕಿಸಿ, ಕನಿಷ್ಠ ಮೂರು ತಿಂಗಳು, ಅವರು ಹೇಳಿದ ದಿನಕ್ಕೆ ತಪ್ಪದೆ ಮುಂದುವರಿಸಿ. ಮೊದಲ ಕೆಲವು ವಾರಗಳಲ್ಲಿ ಗೂಡೊಡೆದು ಬರುವ ಚಿಗಟಗಳು ಕಾಣುತ್ತಲೇ ಇರುತ್ತವೆ. ಪತಿ ಅದನ್ನು ತೋರಿಸಿ ಗೊಣಗಿದರೂ ನಿಲ್ಲಿಸಬೇಡಿ. ಈ ವಾರವೇ ಹೊರಡಿ, ಹೋಗುವಾಗ ಮೈದುನರ ಆ ಖಾಲಿ ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದರಲ್ಲಿ ಏನಿತ್ತೆಂದು ವೈದ್ಯರು ಓದಿ ಹೇಳಲಿ.