ಉಡಿಗೆ ಹಾಕುವ ಮೊದಲು

ಆಳಂದ ತಾಲ್ಲೂಕಿನಿಂದ ಓದುಗರೊಬ್ಬರು ಬರೆದ ನಾಲ್ಕು ಹಾಳೆಯ ಪತ್ರ ಕಳೆದ ವಾರ ಕೈಸೇರಿತು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: ಅವರಿಗೆ ಮೂವರು ಹೆಣ್ಣುಮಕ್ಕಳು, ಕಡೆಯವಳಿಗೆ ಆರು ವರ್ಷ. ನಾದಿನಿ ಮತ್ತು ಆಕೆಯ ಗಂಡ ಅಮೆರಿಕದ ಡಲ್ಲಾಸಿನಲ್ಲಿದ್ದಾರೆ, ಅಲ್ಲಿಯ ಪೌರರಾಗಿದ್ದಾರೆ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಕ್ಕಳಿಲ್ಲ. ಕಡೆಯ ಮಗಳನ್ನು ದತ್ತಕ ಕೇಳಿದ್ದಾರೆ. ಅತ್ತೆಗೂ ಯಜಮಾನರಿಗೂ ಒಪ್ಪಿಗೆ ಇದೆ. ತೊಗರಿ ಎರಡು ವರ್ಷ ಕೈಕೊಟ್ಟು ಆದ ಸಾಲವನ್ನೂ ನಾದಿನಿ ತೀರಿಸುವ ಮಾತಾಡಿದ್ದಾಳೆ. ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟರೆ ಸಾಕು ಎಂದು ಬಾಂಡ್ ರೈಟರ್ ಹೇಳಿದ್ದಾರೆ. ವಿಸಿಟರ್ ವೀಸಾದ ಮೇಲೆ ಕಳಿಸಿಬಿಡಿ, ಕಾಗದಪತ್ರ ಅಲ್ಲೇ ಮಾಡಿಸಿಕೊಳ್ಳಲಿ ಎಂದು ಕಲಬುರಗಿಯ ಏಜೆಂಟನೊಬ್ಬ ಹೇಳಿದ್ದಾನೆ. ಯಾವುದು ಸರಿ ಎಂದು ಕೇಳಿದ್ದಾರೆ. ಪತ್ರದ ಕೊನೆ ಹೀಗಿದೆ: "ಮಗಳಿಗಿ ಇನ್ನಾ ಹೇಳಿಲ್ಲ. ಅತ್ತಿ ಊರಿಗಿ ಸೂಟಿಗಿ ಹೊಂಟೀದಿ ಅಂತ ಹೇಳೀವಿ. ನನಗ ಬ್ಯಾಡ ಅನ್ಲಾಕ ಬಾಯಿ ಬರಲಾಗ್ಯಾದ."

ತಂಗೀ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ಆಮೇಲೆ ಆ ಕೊನೆಯ ಸಾಲುಗಳಿಗೆ ಬರುತ್ತೇನೆ.

ಬಾಂಡ್ ರೈಟರ್ ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ, ಅದಕ್ಕೇ ಅದು ಅಪಾಯ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ವೀರಶೈವ, ಲಿಂಗಾಯತ ಎಂದು ಹೆಸರು ಹೇಳಿಯೇ ನಮ್ಮನ್ನು ಒಳಗೊಂಡಿದೆ. ಅದರ ಪ್ರಕಾರ ಹದಿನೈದು ತುಂಬದ ಮಗುವನ್ನು ತಂದೆತಾಯಿ ಪರಸ್ಪರ ಒಪ್ಪಿ ಕೊಡಬಹುದು. ಹೋಮ ಬೇಕೇಬೇಕು ಎಂದಿಲ್ಲ, ಕೊಡುವವರು ಕೊಟ್ಟು ತಗೊಳ್ಳುವವರು ತಗೊಂಡಿರಬೇಕು, ಅಷ್ಟೆ. ನಮ್ಮಲ್ಲಿ ಕೂಸನ್ನು ಉಡಿಗೆ ಹಾಕುವುದು ಎನ್ನುತ್ತಾರಲ್ಲ, ಅದನ್ನೇ ಕಾಯ್ದೆ ತನ್ನ ಭಾಷೆಯಲ್ಲಿ ಹೇಳಿದೆ. ನಾದಿನಿ ಸೇಡಂನಲ್ಲೋ ಹುಮನಾಬಾದಿನಲ್ಲೋ ಇದ್ದಿದ್ದರೆ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ದತ್ತಕ ಪತ್ರದಿಂದ ಕೆಲಸ ಮುಗಿಯುತ್ತಿತ್ತು.

ಆದರೆ ಮಗು ದೇಶ ದಾಟುತ್ತದೆ ಎಂದ ಕೂಡಲೇ ಬೇರೆ ಕಾಯ್ದೆ ಎದುರಿಗೆ ಬರುತ್ತದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ, ವಿದೇಶದಲ್ಲಿರುವ ಸಂಬಂಧಿಕರು ಇಲ್ಲಿಯ ಮಗುವನ್ನು ದತ್ತು ಪಡೆಯಲು ಪ್ರತ್ಯೇಕ ದಾರಿ ಇದೆ. ಸೋದರತ್ತೆ, ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಎರಡೂ ಕಡೆಯ ಅಜ್ಜ-ಅಜ್ಜಿ, ಇಷ್ಟು ಜನರನ್ನು ಆ ಕಾಯ್ದೆ ಸಂಬಂಧಿಕರೆಂದು ಎಣಿಸುತ್ತದೆ. ನಿಮ್ಮ ನಾದಿನಿ ಅದರೊಳಗೆ ಬರುತ್ತಾಳೆ. ಮೊದಲು ಆದೇಶವನ್ನು ಕೋರ್ಟು ಕೊಡುತ್ತಿತ್ತು. 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಅದರ ಮೇಲೆ ದಿಲ್ಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರೂ 'ಕಾರಾ' ಎನ್ನುವುದು, ನಿರಾಕ್ಷೇಪಣಾ ಪತ್ರ ಕೊಡಬೇಕು. ಇದಿಲ್ಲದೆ ಮಗುವನ್ನು ಕಳಿಸಿದರೆ, ಕರೆದೊಯ್ದರೆ, ಕಳಿಸುವ ಏರ್ಪಾಟಿನಲ್ಲಿ ಕೈಜೋಡಿಸಿದರೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಏಜೆಂಟನಷ್ಟೇ ಅಲ್ಲ, ಸಹಿ ಹಾಕಿದ ನೀವೂ ಯಜಮಾನರೂ ಅದರಲ್ಲಿ ಸೇರುತ್ತೀರಿ.

ಈ ಬಾಲನ್ಯಾಯ ಕಾಯ್ದೆಗೆ ಜಾತಿ ಧರ್ಮದ ಗೆರೆ ಇಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಗಲ್ಫ್‌ನಲ್ಲಿ, ಅಮೆರಿಕದಲ್ಲಿ ಮಕ್ಕಳಿರುವ ಮುಸ್ಲಿಂ, ಕ್ರೈಸ್ತ ಮನೆತನಗಳು ಬೀದರಿನಲ್ಲೂ ಕಲಬುರಗಿಯಲ್ಲೂ ಬೇಕಾದಷ್ಟಿವೆ. 1956ರ ಕಾಯ್ದೆ ಅವರಿಗೆ ಅನ್ವಯಿಸದಿದ್ದರೂ ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರಾದರೂ ದತ್ತು ಪಡೆಯಬಹುದು ಎಂದು, ಇದಕ್ಕೆ ಮೊದಲಿದ್ದ 2000ದ ಬಾಲನ್ಯಾಯ ಕಾಯ್ದೆಯ ಕಾಲದಲ್ಲಿ, ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ.

ಈಗ ಕಷ್ಟದ ಮಾತು. ಇಲ್ಲಿಯ ಬಾಗಿಲು ತೆರೆದರೂ ಅಮೆರಿಕದ ಬಾಗಿಲು ನಿಮ್ಮ ಮಗಳಿಗೆ ತೆರೆಯುವುದು ಕಠಿಣ.

ಮಕ್ಕಳ ಅಂತರದೇಶೀಯ ದತ್ತಕಕ್ಕೆ 1993ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದವಿದೆ. ಭಾರತ 2003ರಲ್ಲಿ ಅದಕ್ಕೆ ಸೇರಿತು, ಅಮೆರಿಕಕ್ಕೆ ಅದು 2008ರ ಏಪ್ರಿಲ್‌ನಿಂದ ಜಾರಿಯಾಯಿತು. ಅದರ ಬೆನ್ನಿಗೆ ಅಮೆರಿಕ ಮಾಡಿಕೊಂಡ ವಲಸೆ ಕಾನೂನಿನಲ್ಲಿ ಒಂದು ಷರತ್ತಿದೆ: ಮಗುವಿನ ಹೆತ್ತವರು ಇಬ್ಬರೂ ಬದುಕಿದ್ದರೆ, ಮಗುವನ್ನು ಸರಿಯಾಗಿ ನೋಡಿಕೊಳ್ಳಲು ಇಬ್ಬರಿಗೂ ಶಕ್ತಿಯಿಲ್ಲ ಎಂದು ಸಾಬೀತಾಗಬೇಕು. ಹೆತ್ತವರಲ್ಲಿ ಒಬ್ಬರು ತೀರಿಹೋಗಿ ಉಳಿದವರೊಬ್ಬರೇ ಕೊಡುವುದಾದರೆ ಈ ಷರತ್ತು ಇಲ್ಲ. ಗಂಡಹೆಂಡತಿ ಇಬ್ಬರೂ ಗಟ್ಟಿಯಾಗಿದ್ದು, ಮೂವರು ಮಕ್ಕಳನ್ನೂ ಸಾಲೆಗೆ ಕಳಿಸುತ್ತಿದ್ದು, ನಾದಿನಿಯ ಮೇಲಿನ ಮಮತೆಯಿಂದ ಒಂದು ಮಗುವನ್ನು ಕೊಡುತ್ತೇವೆ ಎಂದರೆ ಅಲ್ಲಿಯ ವೀಸಾ ಅಧಿಕಾರಿಗೆ ಆ ಮಮತೆ ಕಾರಣವಾಗುವುದಿಲ್ಲ. ನೀವು ಬರೆದ ಸಂಗತಿಗಳನ್ನು ಇಟ್ಟುಕೊಂಡು ನೋಡಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಅಂದಮೇಲೆ ಯಾರಾದರೂ ಬಂದು, "ನಮಗೆ ಸಾಕಲು ಆಗುವುದಿಲ್ಲ ಅಂತ ಬರೆದುಕೊಡಿ, ಆಯಿತು" ಎಂದು ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬರೆಯಬೇಡಿ. ಸುಳ್ಳು ಪ್ರಮಾಣಪತ್ರ ಅಪರಾಧ ಎಂಬುದು ಒಂದು ಮಾತು. ನನಗೆ ಅದಕ್ಕಿಂತ ಹೆಚ್ಚು ಚುಚ್ಚುವುದು ಬೇರೆ. ಆ ಕಡತ ಉಳಿಯುತ್ತದೆ. ಇಪ್ಪತ್ತು ವರ್ಷದ ಹುಡುಗಿ ಮುಂದೊಂದು ದಿನ ಅದನ್ನು ತೆಗೆದು ಓದುತ್ತಾಳೆ. ತನ್ನವ್ವ ತನ್ನನ್ನು ಸಾಕಲಾರದವಳು ಎಂದು ಅದರಲ್ಲಿ ಅವ್ವನೇ ಸಹಿ ಮಾಡಿರುತ್ತಾಳೆ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿಗೆ ರೊಟ್ಟಿ ಕಟ್ಟುವವಳು ನೀವು. ಹಾಗೆಂದು ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ.

ಸಾಲದ ವಿಷಯ. ನಾದಿನಿ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು; ಅಣ್ಣನ ಕಷ್ಟಕ್ಕೆ ತಂಗಿ ಆಗುವುದು ನಮ್ಮಲ್ಲಿ ಹೊಸದಲ್ಲ. ಆದರೆ ದತ್ತಕದ ಮಾತು ನಡೆದಿರುವಾಗ ಅದೇ ಕೈಯಿಂದ ಸಾಲದ ದುಡ್ಡು ಬಂದರೆ ಅದಕ್ಕೆ ಬೆಲೆಯ ಬಣ್ಣ ಬರುತ್ತದೆ. ದತ್ತಕಕ್ಕಾಗಿ ಹಣ ಕೊಡುವುದನ್ನೂ ತಗೊಳ್ಳುವುದನ್ನೂ 1956ರ ಕಾಯ್ದೆ ನಿಷೇಧಿಸಿದೆ. ಆದೇಶ ಕೊಡುವ ಮುನ್ನ ಜಿಲ್ಲಾಧಿಕಾರಿಯೂ ಇದನ್ನು ಖಚಿತಪಡಿಸಿಕೊಳ್ಳಬೇಕು. ಹೇಗ್ ಒಪ್ಪಂದವೂ ಹಣಕ್ಕಾಗಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎಂದೇ ಎಣಿಸುವುದಿಲ್ಲ. ಎರಡು ಮಾತನ್ನು ಬೇರೆ ಮಾಡಿ. ಸಾಲಕ್ಕೆ ನೆರವಾಗುವುದಿದ್ದರೆ ಮಗಳು ಮನೆಯಲ್ಲೇ ಇರುತ್ತಾಳೆ ಎಂದು ತಿಳಿದ ಮೇಲೂ ಆಕೆ ನೆರವಾಗಲಿ.

ಏಜೆಂಟನ ವಿಸಿಟರ್ ವೀಸಾಗೆ ಹೆಚ್ಚು ಹೇಳುವುದಿಲ್ಲ. ತಿರುಗಿ ಬರುತ್ತೇನೆ ಎಂದು ಹೇಳಿ ಪಡೆಯುವ ವೀಸಾ ಅದು. ಉಳಿಸುವ ಉದ್ದೇಶದಿಂದಲೇ ಕೂಸನ್ನು ಅದರ ಮೇಲೆ ಕಳಿಸಿದರೆ ಮೊದಲ ದಿನದಿಂದಲೇ ಅವಳ ಬದುಕು ಒಂದು ಸುಳ್ಳಿನ ಮೇಲೆ ನಿಲ್ಲುತ್ತದೆ. ಅಲ್ಲಿಯ ಕೋರ್ಟು ದತ್ತಕಕ್ಕೆ ಒಪ್ಪಿದರೂ ಅಲ್ಲಿ ವಾಸಿಸುವ ಹಕ್ಕು ಅದರಿಂದ ತಾನಾಗಿ ಬರುವುದಿಲ್ಲ. ಬಾಂಡ್ ಬರೆದು ಕಳಿಸುವುದೂ ಹಾಗೇ. ಅಮೆರಿಕದ ವಲಸೆ ಇಲಾಖೆಯ ಮಂಜೂರಾತಿಗೆ ಮೊದಲೇ ಇಲ್ಲಿ ದತ್ತಕ ಮುಗಿಸಿಕೊಂಡರೆ ಅದೇ ಕಾರಣಕ್ಕೆ ನಾದಿನಿಯ ಅರ್ಜಿ ತಿರಸ್ಕಾರವಾಗಬಹುದು. ಹಾಗಾದರೆ ದತ್ತಕವನ್ನು ಹಿಂತೆಗೆಯೋಣ ಎಂದರೆ, ಸಕ್ರಮವಾಗಿ ಆದ ದತ್ತಕವನ್ನು ರದ್ದು ಮಾಡಲು ನಮ್ಮ 1956ರ ಕಾಯ್ದೆ ಬಿಡುವುದಿಲ್ಲ. ಮಗಳು ನಿಮ್ಮ ಅಂಗಳದಲ್ಲೇ ಆಡುತ್ತಿರುತ್ತಾಳೆ, ಕಾನೂನಿನ ಕಣ್ಣಿಗೆ ನೀವು ಅವಳ ತಾಯಿಯಾಗಿರುವುದಿಲ್ಲ.

ಇನ್ನು ಆ ಕೊನೆಯ ಸಾಲು.

ನನಗೊಬ್ಬ ಅಣ್ಣ ಇದ್ದಾನೆ. ಅವನಿಗೆ ಏಳು, ನನಗೆ ನಾಲ್ಕು ಇದ್ದಾಗ ನಮ್ಮಪ್ಪನ ಅಕ್ಕನಿಗೆ ಅವನನ್ನು ದತ್ತಕ ಕೊಟ್ಟರು. ಅವನಿಗೆ ಹೇಳಿದ್ದು ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೋಗೋಣ ಎಂದು. ಹೊಸ ಅಂಗಿ, ಹೊಸ ಚಪ್ಪಲಿ. ಸಂಗಮದಲ್ಲಿ ಸ್ನಾನವಾಯಿತು, ಪಾದುಕೆಯ ದರ್ಶನವಾಯಿತು. ಸಂಜೆಯ ಬಸ್ಸಿಗೆ ಅವ್ವ ಒಬ್ಬಳೇ ತಿರುಗಿ ಬಂದಳು. ಚೀಲ ಬಿಚ್ಚಿದರೆ ಪ್ರಸಾದದ ಪೊಟ್ಟಣದ ಪಕ್ಕ ಅವನ ಹಳೆಯ ಚಪ್ಪಲಿ ಇದ್ದವು, ಎಡಗಾಲಿನದಕ್ಕೆ ಪಿನ್ನು ಚುಚ್ಚಿತ್ತು. ಅವ್ವ ಅವನ್ನು ಬಹಳ ವರ್ಷ ಅಟ್ಟದ ಮೇಲೆ ಇಟ್ಟಿದ್ದಳು. ಅಣ್ಣನಿಗೆ ಅಲ್ಲಿ ಊಟಕ್ಕೆ, ಓದಿಗೆ, ಪ್ರೀತಿಗೆ ಏನೂ ಕಡಿಮೆಯಾಗಲಿಲ್ಲ. ಈಗ ಅವನಿಗೆ ಅರವತ್ತರ ಮೇಲಾಗಿದೆ, ಮೊಮ್ಮಕ್ಕಳಿದ್ದಾರೆ. ಇಂದಿಗೂ ಗಾಣಗಾಪುರಕ್ಕೆ ಹೋಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಹಿರಿಯರಿಗಿಂತ ಮುಂದೆ ಬಂದಿದೆ. ಐದು ವರ್ಷ ತುಂಬಿದ ಮಗುವನ್ನು ಸಂಬಂಧಿಕರಿಗೆ ದತ್ತು ಕೊಡುವಾಗ ಮಗುವಿನದೇ ಒಪ್ಪಿಗೆ ಬೇಕು ಎನ್ನುತ್ತವೆ 2022ರ ದತ್ತು ನಿಯಮಗಳು. ನಿಮ್ಮ ಮಗಳಿಗೆ ಆರು. ಸೂಟಿಗೆ ಹೋಗುತ್ತೇನೆ ಎಂದುಕೊಂಡ ಮಗುವಿನಿಂದ ಯಾವ ಒಪ್ಪಿಗೆ ಪಡೆಯುತ್ತೀರಿ? ನಿಮ್ಮ ಒಪ್ಪಿಗೆಯೂ ಬೇಕು, ಅದೂ ಯಾರ ಒತ್ತಾಯವಿಲ್ಲದ್ದು. ಬೇಡ ಎನ್ನಲು ಬಾಯಿ ಬರದವಳ ಸಹಿಯನ್ನು ನಾನಂತೂ ಒಪ್ಪಿಗೆ ಎನ್ನಲಾರೆ. ಕಲಬುರಗಿಯ ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಮನೆಯಲ್ಲಿ ಆಡಲಾಗದ ಮಾತನ್ನು ಅಲ್ಲಿ ಒಮ್ಮೆ ಆಡಿ ನೋಡಿ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಇಷ್ಟೊಂದು ಷರತ್ತುಗಳಿವೆ ಎಂದು ಅವರಿಗೂ ತಿಳಿದಿರಲಿಕ್ಕಿಲ್ಲ.

ಬೇರೆ ಓದುಗರಿಗಾಗಿ ಒಂದು ಮಾತು. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಅಣ್ಣನ ಮಗುವನ್ನೋ ಅಕ್ಕನ ಮಗುವನ್ನೋ ಅಮೆರಿಕದಲ್ಲಿರುವವರು ತಮ್ಮ ಮಡಿಲಿಗೆ ತಗೊಳ್ಳುವುದಾದರೆ ದಾರಿ ಇದೆ, ಮೆಟ್ಟಿಲು ತಪ್ಪಿಸಬಾರದು ಅಷ್ಟೆ. ಮೊದಲು ಅವರು ಅಲ್ಲಿಯ ಮಾನ್ಯತೆ ಪಡೆದ ದತ್ತು ಸಂಸ್ಥೆಯಿಂದ ಗೃಹ ಅಧ್ಯಯನ, ಅಂದರೆ ಮನೆಯ ಪರಿಶೀಲನೆ, ಮಾಡಿಸಿ ಅಲ್ಲಿಯ ವಲಸೆ ಇಲಾಖೆಗೆ ತಾವು ದತ್ತು ಪಡೆಯಲು ಅರ್ಹರು ಎಂಬ ಐ-800ಎ ಅರ್ಜಿ ಹಾಕಬೇಕು, ಕಾರಾದಲ್ಲಿ ನೋಂದಾಯಿಸಬೇಕು. ಇಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮಗು ಇರುವ ಮನೆಗೆ ಬಂದು ಕುಟುಂಬದ ವರದಿ ಬರೆಯುತ್ತಾರೆ. ಆಮೇಲೆ ಆ ಮಗುವಿನ ಹೆಸರಿನಲ್ಲಿ ಐ-800 ಅರ್ಜಿ. ಹದಿನಾರು ತುಂಬುವುದರೊಳಗೆ ಅದು ಬಿದ್ದಿರಬೇಕು. ಅಲ್ಲಿಂದ ತಾತ್ಕಾಲಿಕ ಮಂಜೂರಾತಿ ಬಂದ ಮೇಲೆಯೇ ಜಿಲ್ಲಾಧಿಕಾರಿಯ ಆದೇಶ, ಕಾರಾದ ಪತ್ರ, ಪಾಸ್‌ಪೋರ್ಟು, ವೀಸಾ. ಹೀಗೆ ಹೋದ ಮಗುವಿಗೆ ಪೌರತ್ವದ ತೊಂದರೆ ಬರುವುದಿಲ್ಲ.

ನಾದಿನಿಯ ಮೇಲೆ ಸಿಟ್ಟಾಗಬೇಡಿ ತಂಗೀ. ಹದಿನಾಲ್ಕು ವರ್ಷದಲ್ಲಿ ಶರಣಬಸಪ್ಪನ ಗುಡಿಯ ಹೊಸ್ತಿಲಿಗೂ ಬಂದೇನವಾಜರ ದರ್ಗಾದ ಹೊಸ್ತಿಲಿಗೂ ಹಣೆ ಹಚ್ಚಿದವಳು ಆಕೆ, ನೀವೇ ಬರೆದಿದ್ದೀರಿ. ಆಕೆಗೆ ಮಗು ಬೇಕು, ಮತ್ತು ಮನೆಯೊಂದು ಬೇಕಾದ ಮಕ್ಕಳು ನಮ್ಮ ದೇಶದಲ್ಲಿದ್ದಾರೆ. ಗಂಡನಿಗೆ 46, ಆಕೆಗೆ 42 ಎಂದಿದ್ದೀರಿ, ಕೂಡಿದರೆ 88. ದಂಪತಿಯ ವಯಸ್ಸು ಕೂಡಿ 90 ದಾಟದಿದ್ದರೆ ಎರಡರಿಂದ ನಾಲ್ಕು ವರ್ಷದ ಮಗುವಿಗೆ, 100 ದಾಟದಿದ್ದರೆ ನಾಲ್ಕರಿಂದ ಎಂಟು ವರ್ಷದ ಮಗುವಿಗೆ ಅರ್ಹತೆ ಇದೆ. ಪ್ರತಿ ವರ್ಷ ಆ ಮೊತ್ತಕ್ಕೆ ಎರಡು ಕೂಡುತ್ತದೆ, ಆದ್ದರಿಂದ ತಡಮಾಡದೆ ಕಾರಾದಲ್ಲಿ ನೋಂದಾಯಿಸಲಿ. ಕಾಯಬೇಕಾಗುತ್ತದೆ, ಆದರೆ ಆ ಮಗುವಿಗೆ ಯಾರೂ ಸುಳ್ಳು ಹೇಳಿ ಬಸ್ಸು ಹತ್ತಿಸಬೇಕಾಗಿಲ್ಲ. ಇದನ್ನು ಆಕೆಗೆ ಫೋನಿನಲ್ಲಿ ಹೇಳುವುದು ಕಷ್ಟವಾದರೆ ಈ ಉತ್ತರವನ್ನೇ ಕಳಿಸಿ. ಮಗಳು ನಿಜವಾಗಿಯೂ ಸೂಟಿಗೆ ಹೋಗಿ, ಸೂಟಿ ಮುಗಿಸಿ ತಿರುಗಿ ಬರುವುದಾದರೆ ಅದಕ್ಕಿಂತ ಸಂತೋಷ ಏನಿದೆ.

ಕಡೆಗೊಂದು. ನಿಮ್ಮ ಪತ್ರದ ಮೂರನೇ ಹಾಳೆ ಮಗಳ ನೋಟ್‌ಬುಕ್ಕಿನಿಂದ ಹರಿದದ್ದು. ಅದರ ಹಿಂದೆ ಅವಳು ತನ್ನ ಹೆಸರನ್ನು ಹತ್ತು ಸಲ ಬರೆದಿದ್ದಾಳೆ, ಮುಂದೆ ಊರಿನ ಹೆಸರು, ಅಪ್ಪನ ಹೆಸರು. ಏಳನೆಯ ಸಾಲಿನಲ್ಲಿ ಒತ್ತಕ್ಷರ ತಪ್ಪಿ, ಅಳಿಸಿ ಮತ್ತೆ ಬರೆದಿದ್ದಾಳೆ. ಅಳಿಸಿದಲ್ಲಿ ಕಾಗದ ತೂತಾಗಿದೆ. ಹೋಮ್‌ವರ್ಕ್ ಇದ್ದಿರಬೇಕು, ಹುಡುಕುತ್ತಿರುತ್ತಾಳೆ. ಬೇರೆ ಲಕೋಟೆಯಲ್ಲಿ ಅದನ್ನು ಇವತ್ತೇ ಅಂಚೆಗೆ ಹಾಕಿದ್ದೇನೆ.

— ಸಂಪಾದಕಿ