ಒಂದೇ ತೂಕಕ್ಕೆ ಎರಡು ತೀರ್ಪು ಏಕೆ?

ಪ್ರಶ್ನೆ: ನನಗೆ 42 ವರ್ಷ; ಎತ್ತರ 160 ಸೆಂಟಿಮೀಟರ್, ತೂಕ 62 ಕಿಲೋ. ನನ್ನ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತಿಳಿಸುವ ಸಂಖ್ಯೆ) ಸರಿಯಾಗಿದೆ ಎಂದು ಮೊಬೈಲ್ ಆ್ಯಪ್ ತೋರಿಸಿದರೆ, ವೈದ್ಯರು ಹೆಚ್ಚೆನ್ನುತ್ತಾರೆ. ಯಾವುದನ್ನು ನಂಬಲಿ?
– ಓರ್ವ ಶಿಕ್ಷಕಿ, ಹಾಸನ

ಉತ್ತರ: ಲೆಕ್ಕ ಎರಡೂ ಕಡೆ ಒಂದೇ, ಗೆರೆ ಎಳೆದ ಜಾಗ ಮಾತ್ರ ಬೇರೆ. 1.6 ಮೀಟರನ್ನು 1.6ರಿಂದಲೇ ಗುಣಿಸಿದರೆ 2.56; ನಿಮ್ಮ 62 ಕಿಲೋವನ್ನು ಅದರಿಂದ ಭಾಗಿಸಿದರೆ ಸುಮಾರು 24.2 ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 18.5ರಿಂದ 24.9ರವರೆಗೆ ಸಹಜವೆನಿಸಿದರೂ, ಭಾರತೀಯರಿಗೆ ಅಷ್ಟೇ ಬಿಎಂಐನಲ್ಲಿ ಹೊಟ್ಟೆಯ ಕೊಬ್ಬೂ ಮಧುಮೇಹದ ಅಪಾಯವೂ ಹೆಚ್ಚಿರುವುದರಿಂದ, ನಮ್ಮ ವೈದ್ಯರು 23ರಿಂದಲೇ ಅಧಿಕ ತೂಕವೆಂದು ಪರಿಗಣಿಸುತ್ತಾರೆ. ಅವರ ಮಾತೇ ನಿಮಗೆ ಹೆಚ್ಚು ಹೊಂದುತ್ತದೆ. ಆದರೆ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದನ್ನು ಈ ಸಂಖ್ಯೆ ಹೇಳಲಾರದು (ಪೈಲ್ವಾನರನ್ನೂ ಅದು ದಪ್ಪಗಿನವರೆಂದೇ ಎಣಿಸುತ್ತದೆ). ಹೀಗಾಗಿ ಟೇಪು ಹಿಡಿದು ಸೊಂಟದ ಸುತ್ತಳತೆಯನ್ನೂ ನೋಡಿಕೊಳ್ಳಿ. 80 ಸೆಂಟಿಮೀಟರ್ ಮುಟ್ಟಿದ್ದರೆ ರಕ್ತದ ಸಕ್ಕರೆ ಪರೀಕ್ಷೆಯನ್ನು ಮುಂದೂಡಬೇಡಿ.