ರೊಟ್ಟಿ ಬಿಡು ಅಂದಿದ್ದು ನನ್ನ ತಪ್ಪು

ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಓಣಿ, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ನೀಲಮ್ಮ ಅನ್ನೋಣ. ವಯಸ್ಸು 44, ಕಲಬುರಗಿಯವರು. 15 ವರ್ಷದಿಂದ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ದಿನಕ್ಕೆ 100ಕ್ಕೆ ಕಡಿಮೆ ಇಲ್ಲ.

ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದದ್ದು ಕೈನೋವಿಗಲ್ಲ. ನಿದ್ದೆ ಇಲ್ಲ, ಸುಮ್ಸುಮ್ನೆ ಅಳು ಬರುತ್ತದೆ, ಮಕ್ಕಳ ಮೇಲೆ ರೇಗುತ್ತೇನೆ ಅಂತ ಬಂದರು. ಕೂತು ಮಾತಾಡಿದ ಮೇಲೆ ಬಳೆಯ ವಿಷಯ ಹೊರಬಂತು. ಶರಣಬಸವೇಶ್ವರ ಜಾತ್ರೆಯಲ್ಲಿ ಬಳೆಗಾರ ಎಷ್ಟು ಒತ್ತಿದರೂ ಗಾಜಿನ ಬಳೆ ಬೆರಳ ಗೆಣ್ಣು ದಾಟಲಿಲ್ಲವಂತೆ. ನೋವಿಗೆ ಚೀರಿಬಿಟ್ಟರು. ಜೊತೆಗಿದ್ದ ಅತ್ತೆಗೆ ಅದು ಅಪಶಕುನ ಅನಿಸಿತು. ಅವತ್ತಿನಿಂದ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಿರಲಿಲ್ಲ.

ಕಾಯಿಲೆಯ ಹೆಸರನ್ನು ವೈದ್ಯರು ಮೊದಲೇ ಹೇಳಿದ್ದರು. ರುಮಟಾಯ್ಡ್ ಸಂಧಿವಾತ. ಇದು ವಯಸ್ಸಾದಂತೆ ಮಂಡಿ ಸವೆಯುವ ನೋವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಸಾಮಾನ್ಯವಾಗಿ ಎರಡೂ ಕೈಗಳಲ್ಲಿ, ಬೆರಳ ಬುಡದ ಮತ್ತು ನಡುವಿನ ಗೆಣ್ಣುಗಳಲ್ಲಿ, ಮಣಿಕಟ್ಟಿನಲ್ಲಿ ಬಾವು ಬರುತ್ತದೆ. ಬೆಳಿಗ್ಗೆ ಎದ್ದಾಗ ಕೈ ಒಂದು ತಾಸಿಗಿಂತ ಜಾಸ್ತಿ ಬಿಗಿದುಕೊಂಡಿರುತ್ತದೆ. "ಮುಂಜಾನೆ ಕೈ ಕಟ್ಟಿಗಿ ಆಗಿರ್ತಾವ್ರೀ ಮೇಡಂ" ಅನ್ನುತ್ತಿದ್ದರು ನೀಲಮ್ಮ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಚಿಕಿತ್ಸೆ ತಡವಾದರೆ ಬೆರಳುಗಳು ಕಿರುಬೆರಳಿನ ಕಡೆಗೆ ವಾಲುತ್ತಾ ಹೋಗುತ್ತವೆ. ಅವರ ಬಲಗೈಯಲ್ಲಿ ಅದು ಆಗಲೇ ಶುರುವಾಗಿತ್ತು.

ಮೊದಲ ಭೇಟಿಯಲ್ಲಿ ನಾನು ಹೇಳಿದ್ದು ಎಲ್ಲರೂ ಹೇಳುವ ಮಾತನ್ನೇ. "ಅಕ್ಕಾ, ರೊಟ್ಟಿ ಬಡಿಯೋದು ಬಿಡ್ರಿ, ಕೈಗೆ ಆರಾಮ ಕೊಡ್ರಿ." ಅವರು ತಲೆ ಅಲ್ಲಾಡಿಸಿ ಹೋದರು. ಒಂದು ತಿಂಗಳು ಬರಲಿಲ್ಲ. ನಾನೇ ಫೋನ್ ಮಾಡಿದಾಗ ಅಂದರು: "ರೊಟ್ಟಿ ಬಿಟ್ರ ನಾ ಮನ್ಯಾಗ ಏನ್ ಮಾಡ್ಲಿ? ನನ್ನ ಯಾರ್ ಕೇಳ್ತಾರ್ರೀ?" ನನಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಆಕೆಯ ದುಡಿಮೆ, ಮನೆಯೊಳಗಿನ ಮಾನ, ಬೆಳಗಿನ ಲಯ ಎಲ್ಲ ಅದರಲ್ಲೇ ಇತ್ತು. ಅದನ್ನೇ ಬಿಡಿ ಅಂದಿದ್ದೆ.

ಆಮೇಲೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಗೆಳತಿಯನ್ನು ಕೇಳಿದೆ. ಫಿಸಿಯೋಥೆರಪಿ ಎಲ್ಲರಿಗೂ ಗೊತ್ತು, ಇದು ನಮ್ಮ ಕಡೆ ಅಷ್ಟು ಗೊತ್ತಿಲ್ಲ. ಫಿಸಿಯೋ ಮುಖ್ಯವಾಗಿ ಸ್ನಾಯು, ಕೀಲಿನ ಚಲನೆ ನೋಡುತ್ತಾರೆ. ಇವರು ನೀವು ದಿನಾ ಮಾಡುವ ಕೆಲಸವನ್ನೇ ಬಿಡಿಬಿಡಿಯಾಗಿ ನೋಡುತ್ತಾರೆ. ಆಕೆ ಮೊದಲು ಕೇಳಿದ್ದು, "ರೊಟ್ಟಿ ಮಾಡೋದನ್ನ ಮಗಳ ಕೈಲಿ ಮೊಬೈಲಲ್ಲಿ ವಿಡಿಯೋ ತೆಗೆಸಿ ತನ್ನಿ."

ಮೂವರೂ ಕೂತು ಆ ವಿಡಿಯೋವನ್ನು ನಾಲ್ಕು ಸಲ ನೋಡಿದೆವು. ನನಗೆ ಕಣ್ಣು ತೆರೆದಂತಾಯಿತು. ಬಡಿಯುವುದಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತಿದ್ದದ್ದು ಬೇರೆ ಕಡೆ. ಹಿಟ್ಟನ್ನು ಮುಷ್ಟಿ ಕಟ್ಟಿ ಗೆಣ್ಣಿನಿಂದ ನಾದುತ್ತಿದ್ದರು. ರೊಟ್ಟಿ ತಿರುಗಿಸುವಾಗ ಪ್ರತಿ ಸಲ ಬೆರಳನ್ನು ಕಿರುಬೆರಳಿನ ಕಡೆಗೇ ತಳ್ಳುತ್ತಿದ್ದರು. ಕಬ್ಬಿಣದ ಹಂಚನ್ನು ಎರಡೇ ಬೆರಳಿನಲ್ಲಿ ಚಿವುಟಿ ಎತ್ತುತ್ತಿದ್ದರು. ನೆಲದಿಂದ ಏಳುವಾಗ ಇಡೀ ಮೈಭಾರ ಮಣಿಕಟ್ಟಿನ ಮೇಲೆ.

ಬದಲಾವಣೆಗಳು ಸಣ್ಣವು. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ, ಜಿಗಿ ಬರುವುದು ಕುದಿಯುವ ಎಸರಿನಿಂದ. ಆದ್ದರಿಂದ ಎಸರು ಚೆನ್ನಾಗಿ ಕುದಿಸಿ, ಹಿಟ್ಟನ್ನು ಸೌಟಿನಿಂದ ಕಲಸಿ, ಸ್ವಲ್ಪ ಹೊತ್ತು ಮುಚ್ಚಿಡುವುದು. ಆಮೇಲೆ ನಾದುವ ಕೆಲಸ ಗಂಡನದು. ನೀಲಮ್ಮ ನೆಲ ಬಿಟ್ಟು, ಸೊಂಟದ ಎತ್ತರದ ಕಟ್ಟೆಯ ಹತ್ತಿರ ನಿಂತು ಮಾಡುವುದು. ಕೆಲವನ್ನು ಬಡಿಯುವ ಬದಲು ಲಟ್ಟಿಸುವುದು, ಲಟ್ಟಣಿಗೆಯನ್ನು ಹಿಡಿಯದೆ ಅಂಗೈಯಿಂದ ಉರುಳಿಸುವುದು. ಹಂಚು ಒಲೆ ಮೇಲೆಯೇ ಇರಲಿ, ಎತ್ತುವುದೇ ಬೇಡ. 15 ರೊಟ್ಟಿ ಆದ ಮೇಲೆ ನೋವು ಬರಲಿ ಬಿಡಲಿ, ಕೈ ಬಿಟ್ಟು ಕೂಡುವುದು. ನೀರಿನ ಕೊಡ ಅರ್ಧ ತುಂಬಿ ಎರಡೂ ಕೈಯಲ್ಲಿ ತಬ್ಬಿ ಎತ್ತುವುದು. ಬೆಳಿಗ್ಗೆ ಬೆಚ್ಚಗಿನ ನೀರಲ್ಲಿ ಕೈ ಇಟ್ಟು ನಿಧಾನಕ್ಕೆ ಮುಷ್ಟಿ ಕಟ್ಟಿ ಬಿಡುವುದು, ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್, ಅಂದರೆ ಕೀಲು ಅಲ್ಲಾಡದಂತೆ ಹಿಡಿದಿಡುವ ಆಸರೆ ಪಟ್ಟಿ.

ಒಂದು ಅಳತೆಯನ್ನೂ ಗೆಳತಿ ಕೊಟ್ಟಳು. ಕೆಲಸ ಮುಗಿದು 2 ತಾಸಾದರೂ ಹೆಚ್ಚಿದ ನೋವು ಇಳಿಯದಿದ್ದರೆ ಅವತ್ತು ಜಾಸ್ತಿ ಆಯಿತು ಅಂತ ಅರ್ಥ. ಮರುದಿನ ಅಷ್ಟು ಕಡಿಮೆ ಮಾಡಬೇಕು. ನೋವು ಇಳಿಯಲು ಎಷ್ಟು ಹೊತ್ತಾಯಿತು ಅಂತ ನೀಲಮ್ಮ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾರೆ.

ಇನ್ನೊಂದು ವಿಷಯ ಮೂರನೇ ಭೇಟಿಯಲ್ಲಿ ಗೊತ್ತಾಯಿತು. ಸಂಧಿವಾತಕ್ಕೆ ವೈದ್ಯರು ಕೊಟ್ಟಿದ್ದ ಮಾತ್ರೆ ನಿಲ್ಲಿಸಿದ್ದರು. ಪಕ್ಕದ ಮನೆಯ ಹುಡುಗ ಮೊಬೈಲ್ ನೋಡಿ, "ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಮಾತ್ರಿ ಅದ" ಅಂದಿದ್ದನಂತೆ. ಅದೇ ಔಷಧ ಹೌದು, ಆದರೆ ಕ್ಯಾನ್ಸರಿಗೆ ಕೊಡುವ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು. ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತ ಪರೀಕ್ಷೆ. ಗುಣ ಕಾಣಲು 6ರಿಂದ 12 ವಾರ ಬೇಕು, ಅಲ್ಲಿಯವರೆಗೆ ಕಾಯುವುದು ಕಷ್ಟವೇ. ಮಕ್ಕಳಾಗಬೇಕು ಅನ್ನುವ ವಯಸ್ಸಿನವರು ಇದನ್ನು ತೆಗೆದುಕೊಳ್ಳುವ ಮೊದಲೇ ವೈದ್ಯರಿಗೆ ಹೇಳಬೇಕು. ನೀಲಮ್ಮನನ್ನು ವೈದ್ಯರ ಹತ್ತಿರ ವಾಪಸ್ ಕಳಿಸಿದೆ. ಈಗ ಸೋಮವಾರ ಮಾತ್ರೆಯ ದಿನ, ನೆನಪಿಸುವುದು ಮಗಳ ಕೆಲಸ.

ಅತ್ತೆಯನ್ನೂ ಒಂದು ದಿನ ಕರೆಸಿದೆ. ಅವರನ್ನು ದೂರಲಿಲ್ಲ. ಸೊಸೆಯ ಕೈಯನ್ನು ನಿಮ್ಮ ಕೈಯಲ್ಲಿ ಹಿಡಿದು ನೋಡಿ ಅಂದೆ, ಅಷ್ಟೇ. ಗೆಣ್ಣು ಬಿಸಿಯಾಗಿತ್ತು. "ಯವ್ವಾ, ಇಷ್ಟು ಸುಡ್ತದ, ನನಗ ಯಾಕ ಹೇಳಿಲ್ಲ?" ಅಂದರು. ಬಳೆಯ ಮಾತು ಅಲ್ಲಿಗೆ ಮುಗಿಯಿತು. ದೊಡ್ಡ ಅಳತೆಯ ಬಳೆ ಹುಡುಕಿ ತಂದದ್ದು ಅವರೇ.

ದುಡ್ಡಿನ ಲೆಕ್ಕ ಅಷ್ಟು ಸುಲಭವಿರಲಿಲ್ಲ. ಒಂದು ಖಾನಾವಳಿಯನ್ನು ಬಿಡಬೇಕಾಯಿತು. ಈಗ ದಿನಕ್ಕೆ 40 ಮೆತ್ತನೆ ರೊಟ್ಟಿ. ಕೈ ಹಗುರವಿದ್ದ ದಿನ ಖಡಕ್ ರೊಟ್ಟಿ ಮಾಡಿ ಇಡುತ್ತಾರೆ. ಅದು ವಾರಗಟ್ಟಲೆ ಕೆಡುವುದಿಲ್ಲ, ಕೈ ಕೈಕೊಟ್ಟ ದಿನ ಮಾರಲು ಆಗುತ್ತದೆ. ಆದಾಯ ಕಡಿಮೆಯಾಗಿದೆ, ನಿಂತಿಲ್ಲ.

ಎಳ್ಳಮಾವಾಸ್ಯೆ ಬಂದಾಗ ನನಗೇ ಭಯವಿತ್ತು. ಹೊಲಕ್ಕೆ ಒಯ್ಯುವ ಸಜ್ಜೆ ರೊಟ್ಟಿ, ಕಡಬು, ಭಜ್ಜಿ, ಚಳಿ ಬೇರೆ. ನಾಲ್ಕು ದಿನ ಮೊದಲೇ ಕೆಲಸ ಹಂಚಿಕೊಂಡರು. ಗಂಡ ಹಿಟ್ಟು ನಾದಿದರು, ನೋಡಿದ ನೆಂಟರು ನಕ್ಕರಂತೆ, ಅವರು ನಿಲ್ಲಿಸಲಿಲ್ಲವಂತೆ. ಅವತ್ತು ಕ್ಯಾಲೆಂಡರಿನಲ್ಲಿ ನೀಲಮ್ಮ ಬರೆದದ್ದು: ಒಂದೂವರೆ ತಾಸು.

ವಾಲಿದ ಬೆರಳು ಹಾಗೇ ಇದೆ. ತಿಂಗಳಲ್ಲಿ ಐದಾರು ದಿನ ಕೈ ಮಾತು ಕೇಳುವುದಿಲ್ಲ. ನಿದ್ದೆ ಮಾತ್ರ ಬರುತ್ತಿದೆ. ಮೊನ್ನೆ, ಕಾಯಿಪಲ್ಯ ಹೆಚ್ಚುವಾಗ ಹೆಬ್ಬೆರಳ ಬುಡ ಹಿಡಿದುಕೊಳ್ಳುತ್ತದೆ ಅಂದರು. ಮುಂದಿನ ಭೇಟಿಗೆ ಮನೆಯ ಈಳಿಗೆ ತರಲು ಹೇಳಿದ್ದೇವೆ.